ಮಗ ರಿಯಾದ್‌ಗೆ ಹೊರಟಿದ್ದಾನೆ, ಅಲ್ಲಿನ ಯುವರಾಜ ಎಂಥವರು?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ ಒಂದು ಹಳ್ಳಿ. ಮಗನಿಗೆ 27 ವರ್ಷ, ಸಿವಿಲ್ ಇಂಜಿನಿಯರ್. ರಿಯಾದ್‌ನ ಒಂದು ಕಟ್ಟಡ ಕಂಪನಿಯಲ್ಲಿ ಎರಡು ವರ್ಷದ ಕರಾರಿಗೆ ಕೆಲಸ ಸಿಕ್ಕಿದೆ. ಮುಂದೆ ನಿಯೋಮ್ ಅನ್ನುವ ಕಡೆಗೂ ಕಳಿಸಬಹುದಂತೆ. ನನ್ನ ಅಣ್ಣ 90ರ ದಶಕದಲ್ಲಿ ದಮ್ಮಾಮ್‌ನಲ್ಲಿ ಇದ್ದವರು. "ಈಗ ಸೌದಿ ದುಬೈ ಥರ ಆಗಿದೆ, ಯುವರಾಜ ಎಲ್ಲ ಬದಲಾಯಿಸಿಬಿಟ್ಟ, ಹೆದರಬೇಡ" ಅಂತಾರೆ. ಆದರೆ ವಾಟ್ಸಾಪ್‌ನಲ್ಲಿ ಬೇರೆಯೇ ಬರುತ್ತದೆ. ಪತ್ರಕರ್ತನನ್ನು ಕೊಲ್ಲಿಸಿದ್ದು ಇವರೇ, ಸ್ವಂತ ಅಣ್ಣತಮ್ಮಂದಿರನ್ನೇ ಕೂಡಿಹಾಕಿದ್ದು ಇವರೇ ಅಂತ. ರಾಜರಿಗೆ ವಯಸ್ಸಾಗಿದೆ. ಅವರ ನಂತರ ಅರಮನೆಯಲ್ಲಿ ಜಗಳ ಎದ್ದರೆ ನನ್ನ ಮಗ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಾನಾ? ಅವನು ಫೇಸ್‌ಬುಕ್‌ನಲ್ಲಿ ರಾಜಕೀಯ ಬರೆಯುವ ಹುಡುಗ ಬೇರೆ. ಕಳಿಸಲೋ ಬೇಡವೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಅಕ್ಕಾ. ನಿಮ್ಮ ಅಣ್ಣ ಹೇಳಿದ್ದರಲ್ಲೂ ಸತ್ಯವಿದೆ, ವಾಟ್ಸಾಪ್‌ನಲ್ಲಿ ಬಂದದ್ದರಲ್ಲೂ ಇದೆ. ಎರಡರಲ್ಲಿ ಒಂದು ಸುಳ್ಳಿರಲೇಬೇಕು ಅಂದುಕೊಂಡಿರುವುದರಿಂದ ನಿಮಗೆ ಗೊಂದಲವಾಗಿದೆ. ನಾನು 18 ವರ್ಷ ರಿಯಾದ್ ಮತ್ತು ಜುಬೈಲ್‌ನಲ್ಲಿದ್ದೆ. ಕೆಲಸಗಾರರ ಕಾಗದಪತ್ರ ಮತ್ತು ಅರಬ್ಬಿ ಅನುವಾದದ ಕೆಲಸ. ಈ ಯುವರಾಜರ ಮೊದಲ ಆರು ವರ್ಷಗಳನ್ನು ಅಲ್ಲೇ ಇದ್ದು ನೋಡಿದ್ದೇನೆ. ಸಡಿಲ ಬಿಟ್ಟವರೂ ಅವರೇ, ಬಿಗಿ ಮಾಡಿದವರೂ ಅವರೇ. ಇದು ಅರ್ಥವಾದರೆ ಮಗನಿಗೆ ಏನು ಹೇಳಿ ಕಳಿಸಬೇಕು ಅನ್ನುವುದು ನಿಮಗೆ ತಾನಾಗಿ ಹೊಳೆಯುತ್ತದೆ.

ಹೆಸರು ಮೊಹಮ್ಮದ್ ಬಿನ್ ಸಲ್ಮಾನ್. 1985ರಲ್ಲಿ ಹುಟ್ಟಿದವರು. ಅವರ ಸೋದರಸಂಬಂಧಿಗಳಲ್ಲಿ ಎಷ್ಟೋ ಜನ ಅಮೆರಿಕ, ಬ್ರಿಟನ್‌ಗೆ ಓದಲು ಹೋದರು. ಇವರು ರಿಯಾದ್‌ನಲ್ಲೇ ಕಾನೂನು ಓದಿದರು. ತಂದೆ ಸಲ್ಮಾನ್ ಸುಮಾರು ಐದು ದಶಕ ರಿಯಾದ್‌ನ ಗವರ್ನರ್ ಆಗಿದ್ದವರು. ರಾಜಮನೆತನದೊಳಗಿನ ಜಗಳ ಬಿಡಿಸುವ ಹಿರಿಯ ಅಂತ ಅವರಿಗೆ ಹೆಸರಿತ್ತು. ಯಾರ ಬಲ ಎಲ್ಲಿದೆ, ಯಾರ ದೌರ್ಬಲ್ಯ ಏನು ಅಂತ ಆ ತಂದೆಯ ಪಕ್ಕ ಕೂತೇ ಮಗ ಕಲಿತರು. 2015ರ ಜನವರಿಯಲ್ಲಿ ರಾಜ ಅಬ್ದುಲ್ಲಾ ತೀರಿಕೊಂಡು ಸಲ್ಮಾನ್ ಪಟ್ಟಕ್ಕೆ ಬಂದಾಗ ಮಗನಿಗೆ 29 ವರ್ಷ. ಬಂದ ಕೂಡಲೇ ರಕ್ಷಣಾ ಮಂತ್ರಿ. ಹೊರಗಿನವರು ಅವರ ಹೆಸರನ್ನೇ ಕೇಳಿರಲಿಲ್ಲ.

ನಿಮ್ಮ ಮುಖ್ಯ ಭಯ ಅರಮನೆಯ ಜಗಳದ್ದು, ಅಲ್ವಾ? ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1932ರಲ್ಲಿ ಈ ದೇಶ ಕಟ್ಟಿದ ಅಬ್ದುಲ್ ಅಜೀಜ್ ಅವರಿಗೆ 40ಕ್ಕೂ ಹೆಚ್ಚು ಗಂಡುಮಕ್ಕಳು. 1953ರಲ್ಲಿ ಅವರು ತೀರಿಕೊಂಡ ಮೇಲೆ ಪಟ್ಟ ಮಗನಿಂದ ಮೊಮ್ಮಗನಿಗೆ ಇಳಿಯಲಿಲ್ಲ. ಅಣ್ಣನಿಂದ ತಮ್ಮನಿಗೆ ಹೋಯಿತು. ಸೌದ್, ಫೈಸಲ್, ಖಾಲಿದ್, ಫಹದ್, ಅಬ್ದುಲ್ಲಾ, ಈಗ ಸಲ್ಮಾನ್. ಅಧಿಕಾರವನ್ನು ದೊಡ್ಡ ಕೂಡು ಕುಟುಂಬದ ಆಸ್ತಿ ಥರ ಹಂಚಿಕೊಂಡಿದ್ದರು. ಸೈನ್ಯ ಒಬ್ಬ ತಮ್ಮನ ಕೈಯಲ್ಲಿ, ಪೊಲೀಸ್ ಮತ್ತು ಗುಪ್ತಚರ ಇನ್ನೊಬ್ಬನ ಕೈಯಲ್ಲಿ, ನ್ಯಾಷನಲ್ ಗಾರ್ಡ್ ಮತ್ತೊಬ್ಬನ ಕೈಯಲ್ಲಿ. ಬಂದೂಕು ಮೂರು ಮನೆಯಲ್ಲಿ ಇದ್ದುದರಿಂದ ಯಾರೂ ಒಬ್ಬರೇ ಜಿಗಿಯುವ ಹಾಗಿರಲಿಲ್ಲ. ಎಲ್ಲ ನಿರ್ಧಾರವೂ ನಿಧಾನ. ಆದರೆ ಯಾರೋ ಒಬ್ಬರು "ಬೇಡ" ಅನ್ನಬಹುದಿತ್ತು.

ಮೊಹಮ್ಮದ್ ಈ ವ್ಯವಸ್ಥೆಯನ್ನು ಮೂರೇ ವರ್ಷದಲ್ಲಿ ಬಿಚ್ಚಿಹಾಕಿದರು. ಸೈನ್ಯ 2015ರಲ್ಲೇ ಬಂತು. 2017ರ ಜೂನ್‌ನಲ್ಲಿ, ರಂಜಾನ್ ತಿಂಗಳ ಒಂದು ರಾತ್ರಿ, ಆಗಿನ ಯುವರಾಜ ಮೊಹಮ್ಮದ್ ಬಿನ್ ನಾಯೆಫ್ ಅವರನ್ನು ಮೆಕ್ಕಾದ ಅರಮನೆಗೆ ಕರೆಸಿದರು. ಬಿನ್ ನಾಯೆಫ್ ಈ ಮೊಹಮ್ಮದ್ ಅವರ ದೊಡ್ಡಪ್ಪನ ಮಗ. ಪೊಲೀಸ್ ಖಾತೆ ಇವರದ್ದೇ. 2009ರಲ್ಲಿ ಅಲ್ ಖೈದಾದ ಮಾನವ ಬಾಂಬ್‌ನಿಂದ ಬದುಕಿ ಉಳಿದವರು. ಬೆಳಗಾಗುವಷ್ಟರಲ್ಲಿ ಅವರು ಸ್ಥಾನ ಬಿಟ್ಟಿದ್ದರು. ಬೆಳಿಗ್ಗೆ ಟಿವಿಯಲ್ಲಿ ಬಂದ ಆ ದೃಶ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ಯುವರಾಜ ಬಗ್ಗಿ, ಮಂಡಿಯೂರಿ, ತಾವೇ ಇಳಿಸಿದ ಹಿರಿಯರ ಕೈಗೆ ಮುತ್ತಿಡುತ್ತಿದ್ದಾರೆ. ನಮ್ಮ ಆಫೀಸಿನ ಟಿವಿ ಮುಂದೆ ನಿಂತಿದ್ದ ಸೌದಿ ಸಹೋದ್ಯೋಗಿಗಳು ಯಾರೂ ಒಂದು ಮಾತೂ ಆಡಲಿಲ್ಲ. ಅದೇ ವರ್ಷ ನವೆಂಬರ್ 4ಕ್ಕೆ ನ್ಯಾಷನಲ್ ಗಾರ್ಡ್‌ನ ಮುಖ್ಯಸ್ಥ, ಹಿಂದಿನ ರಾಜನ ಮಗ ಮುತೈಬ್ ಅವರನ್ನೂ ತೆಗೆದರು. ಅಲ್ಲಿಗೆ ಮೂರೂ ಬಂದೂಕು ಒಂದೇ ಕೈಗೆ ಬಂದವು.

ಅದೇ ನವೆಂಬರ್ 4ರ ರಾತ್ರಿ ಭ್ರಷ್ಟಾಚಾರದ ಹೆಸರಲ್ಲಿ ರಾಜಕುಮಾರರು, ಮಂತ್ರಿಗಳು, ದೊಡ್ಡ ದೊಡ್ಡ ವ್ಯಾಪಾರಿಗಳನ್ನು ಹಿಡಿದು ರಿಯಾದ್‌ನ ರಿಟ್ಜ್ ಕಾರ್ಲ್‌ಟನ್ ಹೋಟೆಲ್‌ನಲ್ಲಿ ಇಟ್ಟರು. 400 ಬಿಲಿಯನ್ ರಿಯಾಲ್‌ಗೂ ಹೆಚ್ಚು ಆಸ್ತಿ ವಾಪಸ್ ಪಡೆದೆವು ಅಂತ ಸರ್ಕಾರ ಹೇಳಿತು. ಲಂಚದ ವಿಷಯ ಪೂರ್ತಿ ಸುಳ್ಳಲ್ಲ. ಅಲ್ಲಿ ದೊಡ್ಡ ಟೆಂಡರ್‌ಗಳಲ್ಲಿ ಪಾಲು ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಎಷ್ಟೋ ಸಾಮಾನ್ಯ ಸೌದಿಗಳು ಖುಷಿಪಟ್ಟಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಬಹಿರಂಗ ವಿಚಾರಣೆ ಆಗಲಿಲ್ಲ. ಯಾರು ಏನು ತಪ್ಪು ಮಾಡಿದ್ದರು, ಎಷ್ಟು ಕೊಟ್ಟು ಹೊರಬಂದರು ಅನ್ನುವ ಲೆಕ್ಕ ಜನರ ಮುಂದೆ ಬರಲಿಲ್ಲ. ಹಾಗಾಗಿ ನಾನು ಅದನ್ನು ನ್ಯಾಯ ಅನ್ನುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಿನ್ ನಾಯೆಫ್ ಅವರನ್ನೂ ರಾಜರ ಖಾಸಾ ತಮ್ಮ ಅಹ್ಮದ್ ಅವರನ್ನೂ ಬಂಧಿಸಿದರು. "ಸ್ವಂತದವರನ್ನೇ ಕೂಡಿಹಾಕಿದ್ದು" ಅಂತ ನೀವು ಓದಿದ್ದು ಹೀಗೆ ನಿಜ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ರಾಜ ಸಲ್ಮಾನ್ ನಂತರ ಬೀದಿಯಲ್ಲಿ ಗಲಾಟೆ ಆಗುವ ಸಾಧ್ಯತೆ ನನಗೆ ತೀರಾ ಕಡಿಮೆ ಅನಿಸುತ್ತದೆ. ಎದುರು ನಿಲ್ಲುವಷ್ಟು ಬಲ ಇದ್ದವರ ಕೈಯಿಂದ ಬಲವನ್ನು ಆಗಲೇ ಕಿತ್ತುಕೊಂಡಾಗಿದೆ. 2022ರ ಸೆಪ್ಟೆಂಬರ್‌ನಿಂದ ಪ್ರಧಾನಿಯೂ ಯುವರಾಜರೇ. ಅಲ್ಲಿ ಆ ಹುದ್ದೆ ಸಾಮಾನ್ಯವಾಗಿ ರಾಜನದ್ದು. ಹಳೆಯ ಕಾಲದಲ್ಲೂ ನೋಡಿ. 1964ರಲ್ಲಿ ರಾಜ ಸೌದ್ ಅವರನ್ನು ಇಳಿಸಿದರು. 1975ರಲ್ಲಿ ರಾಜ ಫೈಸಲ್ ಅವರನ್ನು ಸೋದರನ ಮಗನೇ ಗುಂಡಿಕ್ಕಿ ಕೊಂದ. ಎರಡೂ ಸಲ ಪಟ್ಟ ಗೋಡೆಯೊಳಗೇ ಕೈ ಬದಲಾಯಿತು. ನನಗಿರುವ ಚಿಂತೆಯೇ ಬೇರೆ. ಈ ಯುವರಾಜರ ನಂತರ ಯಾರು ಅಂತ ಇವತ್ತಿನವರೆಗೂ ಹೆಸರಿಸಿಲ್ಲ. "ಬೇಡ" ಅನ್ನುವವರೂ ಉಳಿದಿಲ್ಲ.

ಆ "ಬೇಡ" ಇಲ್ಲದಿದ್ದರೆ ಏನಾಗುತ್ತದೆ ಅಂತ ನಾವು ಅಲ್ಲಿದ್ದಾಗಲೇ ನೋಡಿದೆವು. 2015ರ ಮಾರ್ಚ್‌ನಲ್ಲಿ ಯೆಮೆನ್ ಮೇಲೆ ವಿಮಾನ ದಾಳಿ ಶುರುವಾಯಿತು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದರು. ಏಳು ವರ್ಷ ಎಳೆಯಿತು. 2021ರ ಕೊನೆಯ ಹೊತ್ತಿಗೆ ಸುಮಾರು 3,77,000 ಜನ ಸತ್ತಿರಬಹುದು, ಅದರಲ್ಲಿ ಹೆಚ್ಚಿನವರು ಹಸಿವು, ರೋಗದಿಂದ ಅಂತ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಲೆಕ್ಕ ಹಾಕಿತು. ಸತ್ತವರಲ್ಲಿ ಬಹಳಷ್ಟು ಐದು ವರ್ಷ ತುಂಬದ ಮಕ್ಕಳು. ಅದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಅತ್ತ ಯೆಮೆನ್‌ನ ಹೂತಿ ಬಂಡುಕೋರರ ಕ್ಷಿಪಣಿಗಳೂ ರಿಯಾದ್‌ವರೆಗೆ ಬಂದವು. 2017ರ ಜೂನ್ 5ಕ್ಕೆ ಕತಾರ್ ಜೊತೆ ಎಲ್ಲ ಸಂಬಂಧ ಕಡಿದರು. ಗಡಿ ಬಂದ್, ವಿಮಾನ ಬಂದ್. ದಮ್ಮಾಮ್‌ನಲ್ಲಿ ಅಣ್ಣ, ದೋಹಾದಲ್ಲಿ ತಮ್ಮ ಇದ್ದ ನಮ್ಮ ಕರಾವಳಿಯ ಮನೆಗಳಿಗೆ ಕಾರಿನಲ್ಲಿ ಹೋಗಿಬರುವ ದಾರಿಯೇ ಇಲ್ಲದಾಯಿತು. ಅದು ತೆರೆದದ್ದು 2021ರ ಜನವರಿಯಲ್ಲಿ. 2022ರಲ್ಲಿ ಯೆಮೆನ್‌ನಲ್ಲಿ ಕದನವಿರಾಮ, 2023ರಲ್ಲಿ ಚೀನಾದ ಮಧ್ಯಸ್ಥಿಕೆಯಲ್ಲಿ ಇರಾನ್ ಜೊತೆ ಒಪ್ಪಂದ. ಪೆಟ್ಟು ತಿಂದು ಪಾಠ ಕಲಿತಿದ್ದಾರೆ ಅಂತ ನನ್ನ ಅನಿಸಿಕೆ. ಆದರೂ ರಾತ್ರೋರಾತ್ರಿ ನಿರ್ಧಾರ ಮಾಡುವ ದೇಶ ಅದು ಅನ್ನುವುದು ಮಗನಿಗೆ ತಿಳಿದಿರಲಿ.

ಇನ್ನು ನಿಮ್ಮ ಅಣ್ಣನ ಮಾತು. ಅವರಿದ್ದ ಸೌದಿ ಮತ್ತು ಈಗಿನ ಸೌದಿ ನಿಜವಾಗಿ ಬೇರೆ. ನಾನು ಹೋದ ಹೊಸತರಲ್ಲಿ ಪ್ರತಿ ಹೋಟೆಲ್‌ಗೂ ಎರಡು ಬಾಗಿಲು. ಒಂದರ ಮೇಲೆ "ಸಿಂಗಲ್ಸ್", ಇನ್ನೊಂದರ ಮೇಲೆ "ಫ್ಯಾಮಿಲಿ". ಬಾಂಗ್ ಆದ ಕೂಡಲೇ ಅಂಗಡಿ ಶಟರ್ ಬೀಳುತ್ತಿತ್ತು. ಅರ್ಧ ಬಿಲ್ ಹಾಕಿದ ತರಕಾರಿ ಕೌಂಟರ್ ಮೇಲೇ ಉಳಿಯುತ್ತಿತ್ತು, ನಾವು ಬಿಸಿಲಲ್ಲಿ ಹೊರಗೆ ನಿಲ್ಲುತ್ತಿದ್ದೆವು. ಮುತವ್ವಾಗಳು, ಅಂದರೆ ಧಾರ್ಮಿಕ ಪೊಲೀಸರು, ಕೋಲು ಹಿಡಿದು ಬರುತ್ತಿದ್ದರು. 2016ರಲ್ಲಿ ಅವರ ಬಂಧಿಸುವ ಅಧಿಕಾರ ಹೋಯಿತು. 2018ರ ಏಪ್ರಿಲ್‌ನಲ್ಲಿ, ಸುಮಾರು 35 ವರ್ಷದ ನಂತರ, ಸಿನಿಮಾ ಮಂದಿರ ತೆರೆಯಿತು. ಅದೇ ವರ್ಷ ಜೂನ್ 24ಕ್ಕೆ ಹೆಂಗಸರು ಕಾರು ಓಡಿಸಲು ಶುರುಮಾಡಿದರು. 2019ರಲ್ಲಿ 21 ದಾಟಿದ ಹೆಂಗಸರು ಗಂಡಸಿನ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಮಾಡಿಸಿ ಪ್ರಯಾಣ ಮಾಡಬಹುದು ಅಂತಾಯಿತು. ಕೆಲಸಕ್ಕೆ ಹೋಗುವ ಸೌದಿ ಹೆಂಗಸರ ಪ್ರಮಾಣ ಹತ್ತು ವರ್ಷದೊಳಗೆ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ನಮ್ಮ ಆಫೀಸಿಗೆ ಮೊದಲ ಸಲ ಒಬ್ಬ ಹುಡುಗಿ ತಾನೇ ಕಾರು ಓಡಿಸಿಕೊಂಡು ಬಂದ ದಿನ ಅವಳ ತಂದೆ ಗೇಟಿನ ಹತ್ತಿರ ನಿಂತು ಕಣ್ಣೊರೆಸಿಕೊಂಡರು. ಇದನ್ನೆಲ್ಲ ಬರೀ ತೋರಿಕೆ ಅಂತ ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ.

ಯಾಕೆ ಮಾಡಿದರು ಅನ್ನುವುದಕ್ಕೆ ಕಾರಣ ಹೊಟ್ಟೆಪಾಡಿನಲ್ಲೂ ಇದೆ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಎಣ್ಣೆ 2016ರ ಶುರುವಿಗೆ 30ಕ್ಕಿಂತ ಕೆಳಗೆ ಬಿತ್ತು. ದೇಶದ ಸ್ವಂತ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ 30ರ ಒಳಗಿನವರು. ಎಲ್ಲರಿಗೂ ಸರ್ಕಾರಿ ಕೆಲಸ ಕೊಡುವ ಹಳೆಯ ಪದ್ಧತಿ ಇನ್ನು ನಡೆಯುವ ಹಾಗಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಘೋಷಿಸಿದ ವಿಷನ್ 2030 ಹುಟ್ಟಿದ್ದು ಅಲ್ಲಿಂದ. ಎಣ್ಣೆ ಬಿಟ್ಟು ಬೇರೆ ದುಡಿಮೆ, ಪ್ರವಾಸ, ಆಟ, ಮನರಂಜನೆ, ಹೆಂಗಸರ ದುಡಿಮೆ. ಹುಡುಗರು ವಾರಕ್ಕೊಮ್ಮೆ ಬಹ್ರೈನ್‌ಗೆ, ದುಬೈಗೆ ಹೋಗಿ ಸುರಿಯುತ್ತಿದ್ದ ದುಡ್ಡು ಮನೆಯಲ್ಲೇ ಉಳಿಯಬೇಕಿತ್ತು. ರೊನಾಲ್ಡೊ ಅಲ್ಲಿ ಆಡಲು ಬಂದದ್ದು, 2034ರ ಫುಟ್‌ಬಾಲ್ ವಿಶ್ವಕಪ್ ಸಿಕ್ಕಿದ್ದು ಎಲ್ಲ ಇದೇ ಲೆಕ್ಕದಲ್ಲಿ.

ಆದರೆ ನಿಮ್ಮ ಅಣ್ಣ ಒಂದು ವಿಷಯ ತಪ್ಪು ತಿಳಿದಿದ್ದಾರೆ. ಬದುಕು ಸಡಿಲವಾಯಿತು, ನಾಲಿಗೆಗೆ ಸಡಿಲ ಸಿಗಲಿಲ್ಲ. ಹೆಂಗಸರಿಗೆ ಕಾರು ಓಡಿಸುವ ಹಕ್ಕು ಕೊಡಿ ಅಂತ ವರ್ಷಗಟ್ಟಲೆ ಹೋರಾಡಿದ ಲುಜೈನ್ ಅಲ್ ಹತ್ಲೂಲ್ ಅವರನ್ನು ಆ ಹಕ್ಕು ಬರುವ ಒಂದು ತಿಂಗಳ ಮೊದಲೇ ಹಿಡಿದರು. ಅವರು ಹೊರಬಂದದ್ದು 2021ರ ಫೆಬ್ರುವರಿಯಲ್ಲಿ. ಕೊಡುವುದಾದರೆ ನಾನೇ ಕೊಡಬೇಕು, ನೀನು ಕೇಳಿ ಪಡೆದೆ ಅಂತಾಗಬಾರದು. ಆ ಬಂಧನಕ್ಕೆ ನನಗೆ ಬೇರೆ ಅರ್ಥ ಕಾಣುವುದಿಲ್ಲ.

ಪತ್ರಕರ್ತ ಜಮಾಲ್ ಖಶೋಗಿ ವಿಷಯವೂ ಇಲ್ಲೇ ಸೇರುತ್ತದೆ. ಅವರು ರಾಜಮನೆತನಕ್ಕೆ ಹತ್ತಿರ ಇದ್ದವರು. 2017ರಲ್ಲಿ ಅಮೆರಿಕಕ್ಕೆ ಹೋಗಿ ಅಂಕಣ ಬರೆಯುತ್ತಿದ್ದರು. ಸುಧಾರಣೆ ಬೇಕು, ಆದರೆ ಜನ ಮಾತಾಡಲು ಬಿಡಿ ಅನ್ನುತ್ತಿದ್ದರು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತಾರಲ್ಲ, ಹಾಗಾಯಿತು. 2018ರ ಅಕ್ಟೋಬರ್ 2ಕ್ಕೆ ಮದುವೆಯ ಕಾಗದಕ್ಕಾಗಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೆ ಹೋದರು. ಮದುವೆಯಾಗಬೇಕಿದ್ದ ಹೆಂಗಸು ಹೊರಗೆ ಕಾಯುತ್ತಿದ್ದರು. ಖಶೋಗಿ ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಸೌದಿ ಸರ್ಕಾರ ಮೊದಲು ಅವರು ಹೊರಗೆ ಹೋದರು ಅಂತು. ಎರಡು ವಾರದ ಮೇಲೆ ಒಳಗೆ ಹೊಡೆದಾಟದಲ್ಲಿ ಸತ್ತರು ಅಂತು. ಆಮೇಲೆ ಮೊದಲೇ ಯೋಚಿಸಿ ಮಾಡಿದ ಕೊಲೆ ಅಂತ ಒಪ್ಪಿಕೊಂಡಿತು. ಮುಚ್ಚಿದ ಕೋರ್ಟಿನಲ್ಲಿ ಎಂಟು ಜನರಿಗೆ ಶಿಕ್ಷೆಯಾಯಿತು.

ಯುವರಾಜರೇ ಮಾಡಿಸಿದರಾ? ಇಲ್ಲಿ ಫಾರ್ವರ್ಡ್‌ಗಿಂತ ಸ್ವಲ್ಪ ಎಚ್ಚರವಾಗಿ ಮಾತಾಡಬೇಕು. ಖಶೋಗಿಯನ್ನು ಹಿಡಿಯುವ ಇಲ್ಲವೇ ಕೊಲ್ಲುವ ಕಾರ್ಯಾಚರಣೆಗೆ ಯುವರಾಜರ ಒಪ್ಪಿಗೆ ಇತ್ತು ಅಂತ 2021ರ ಫೆಬ್ರುವರಿಯಲ್ಲಿ ಅಮೆರಿಕದ ಗುಪ್ತಚರ ವರದಿ ಹೇಳಿತು. ಯುವರಾಜರು ತಾವು ಆದೇಶ ಕೊಟ್ಟಿಲ್ಲ ಅಂತಾರೆ. ತಮ್ಮ ಆಡಳಿತದಲ್ಲಿ ಆದದ್ದರಿಂದ ಹೊಣೆ ತಮ್ಮದು ಅಂತ ಮಾತ್ರ ಒಪ್ಪಿದ್ದಾರೆ. ಯಾವ ಕೋರ್ಟೂ ಅವರ ಮೇಲಿನ ಆರೋಪವನ್ನು ವಿಚಾರಿಸಿ ತೀರ್ಪು ಕೊಟ್ಟಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ಬಿಗಿಯಾದ ಆಡಳಿತದಲ್ಲಿ ಹದಿನೈದು ಜನ ವಿಮಾನದಲ್ಲಿ ಹೋಗಿ ಇಂಥ ಕೆಲಸ ಮಾಡಿ ಬಂದರು, ಮೇಲಿನವರಿಗೆ ಗೊತ್ತೇ ಇರಲಿಲ್ಲ ಅನ್ನುವುದನ್ನು ನಂಬುವುದು ಕಷ್ಟ. ಜಗತ್ತು ಇದನ್ನು ಮರೆತ ಹಾಗೆ ನಡೆದುಕೊಂಡಿತು. ಯುವರಾಜರನ್ನು ದೂರ ಇಡುತ್ತೇನೆ ಅಂದಿದ್ದ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಅವರೇ 2022ರಲ್ಲಿ ಜೆಡ್ಡಾಕ್ಕೆ ಹೋಗಿ ಮುಷ್ಟಿ ತಾಗಿಸಿದರು. 2019ರ ಫೆಬ್ರುವರಿಯಲ್ಲಿ ಯುವರಾಜರು ದೆಹಲಿಗೆ ಬಂದಾಗ ನಮ್ಮ ಪ್ರಧಾನಿಯೂ ವಿಮಾನ ನಿಲ್ದಾಣಕ್ಕೇ ಹೋಗಿ ಬರಮಾಡಿಕೊಂಡರು. ಎಣ್ಣೆ ಬೇಕು, ಅಲ್ಲಿ ದುಡಿಯುವ 25 ಲಕ್ಷಕ್ಕೂ ಹೆಚ್ಚು ಭಾರತೀಯರ ಚಿಂತೆ ಇದೆ. ಸರ್ಕಾರಗಳ ಲೆಕ್ಕ ಅದು.

ನಿಮ್ಮ ಮಗನಿಗೆ ಇದರಿಂದ ಏನು? ಖಶೋಗಿ ಥರ ಅವನ ಹಿಂದೆ ಯಾರೂ ಬರುವುದಿಲ್ಲ, ಆ ಭಯ ಬಿಡಿ. ಫೇಸ್‌ಬುಕ್ ಭಯ ಮಾತ್ರ ಇಟ್ಟುಕೊಳ್ಳಿ. ಬ್ರಿಟನ್‌ನಲ್ಲಿ ಪಿಎಚ್‌ಡಿ ಓದುತ್ತಿದ್ದ ಸಲ್ಮಾ ಅಲ್ ಶಹಾಬ್ ಅನ್ನುವ ಸೌದಿ ತಾಯಿಗೆ 2022ರಲ್ಲಿ ಟ್ವೀಟ್‌ಗಳಿಗಾಗಿ 34 ವರ್ಷ ಶಿಕ್ಷೆ ಹಾಕಿದ್ದರು. ಆಮೇಲೆ ಕಡಿಮೆ ಮಾಡಿದರು, 2025ರಲ್ಲಿ ಬಿಟ್ಟರು. ಹೊರಗಿನವರಿಗೂ ವಿನಾಯಿತಿ ಇಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯವರೇ ಒಬ್ಬರು ಯುವರಾಜರ ಬಗ್ಗೆ ಕೆಟ್ಟದಾಗಿ ಬರೆದರು ಅಂತ ಅಲ್ಲಿ ಜೈಲು ಸೇರಿದರು. ಹಾಗೆ ಜೈಲು ಸೇರಿದವರ ಹೆಸರಲ್ಲಿ ನಕಲಿ ಖಾತೆ ತೆರೆದು ಬರೆದವರು ಇಲ್ಲಿ, ನಮ್ಮೂರ ಕಡೆಯವರೇ ಅಂತ ನಮ್ಮ ಪೊಲೀಸರು ಪತ್ತೆ ಮಾಡಿದರು. ಅಷ್ಟಾದರೂ ಅವರು ಮನೆ ಸೇರಲು ಒಂದೂವರೆ ವರ್ಷದ ಮೇಲೆ ಹಿಡಿಯಿತು. ಮಗ ಹೊರಡುವ ಮೊದಲು ಹಳೆಯ ಪೋಸ್ಟ್‌ಗಳನ್ನು ಕೂತು ಅಳಿಸಲಿ. ಅಲ್ಲಿನ ರಾಜಮನೆತನ, ಧರ್ಮ, ಯುದ್ಧ, ಇಲ್ಲಿನ ಹಿಂದೂ ಮುಸ್ಲಿಂ ಜಗಳ, ಯಾವುದನ್ನೂ ಅಲ್ಲಿಂದ ಬರೆಯುವುದು ಬೇಡ, ಲೈಕ್ ಒತ್ತುವುದೂ ಬೇಡ.

ಇನ್ನೊಂದು ಮಾತು, ಇದು ತಾಯಿಯಾದ ನಿಮಗೆ. ಪೆಟ್ಟಿಗೆ ಕಟ್ಟುವಾಗ ಗಸಗಸೆ ಹಾಕಬೇಡಿ. ನಮಗೆ ಪಾಯಸದ ಸಾಮಾನು, ಅಲ್ಲಿ ಮಾದಕ ವಸ್ತು. ನೋವಿನ, ನಿದ್ದೆಯ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಬೇಕು, ಅಲ್ಲಿ ಅನುಮತಿ ಇದೆಯಾ ಅಂತ ಮೊದಲೇ ನೋಡಬೇಕು. ಬೇರೆಯವರು ಕೊಟ್ಟ ಪೊಟ್ಟಣ ಒಯ್ಯಲೇಬಾರದು. 2024ರಲ್ಲಿ ಅಲ್ಲಿ 300ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಆಯಿತು. ಅದರಲ್ಲಿ ಮಾದಕ ವಸ್ತುವಿನ ಕೇಸುಗಳೇ ನೂರಕ್ಕೂ ಹೆಚ್ಚು, ಅವುಗಳಲ್ಲಿ ಹೊರದೇಶದವರೂ ಬಹಳ ಮಂದಿ.

ಕೆಲಸದ ವಿಷಯ ಈಗ. ನಿಯೋಮ್ ಸುಳ್ಳಲ್ಲ, ಹೊಸದಾಗಿ ಕಟ್ಟಲು ಹೊರಟ ದೊಡ್ಡ ನಗರ ಯೋಜನೆ ಅದು. ವಾಯವ್ಯ ಮೂಲೆಯಲ್ಲಿ, ಕೆಂಪು ಸಮುದ್ರದ ದಂಡೆಯಲ್ಲಿ, ತಬೂಕ್ ಕಡೆ ಇದೆ. 2017ರಲ್ಲಿ 500 ಬಿಲಿಯನ್ ಡಾಲರ್ ಯೋಜನೆ ಅಂತ ಘೋಷಿಸಿದರು. ಅದರೊಳಗಿನ "ದಿ ಲೈನ್" 170 ಕಿಲೋಮೀಟರ್ ಉದ್ದ, 500 ಮೀಟರ್ ಎತ್ತರದ ಒಂದೇ ಗೋಡೆಯಂಥ ಊರು, 90 ಲಕ್ಷ ಜನಕ್ಕೆ ಅಂತ ಹೇಳಿದ್ದರು. ದುಡ್ಡು ಸಾಲದೆ ಅದನ್ನು ಬಹಳ ಚಿಕ್ಕದು ಮಾಡಿದ್ದಾರೆ. ಆ ಜಾಗದಲ್ಲಿ ತಲೆಮಾರುಗಳಿಂದ ಇದ್ದ ಹುವೈತಾತ್ ಬುಡಕಟ್ಟಿನವರನ್ನು ಎಬ್ಬಿಸಿದರು. ಮನೆ ಬಿಡೆನು ಅಂತ ವಿಡಿಯೋ ಮಾಡಿದ ಒಬ್ಬರು 2020ರಲ್ಲಿ ಭದ್ರತಾ ಪಡೆಯ ಗುಂಡಿಗೆ ಸತ್ತರು. ಇಂಥ ಯೋಜನೆ ನಿಂತಾಗ ಮೊದಲು ಪೆಟ್ಟು ತಿನ್ನುವುದು ಗುತ್ತಿಗೆಯ ಕೆಳಗಿನ ಗುತ್ತಿಗೆಯಲ್ಲಿ ಇರುವವರು. 2016ರಲ್ಲಿ ಎಣ್ಣೆ ಬೆಲೆ ಬಿದ್ದು ಕಟ್ಟಡ ಕೆಲಸ ನಿಂತಾಗ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಜೆಡ್ಡಾದಲ್ಲಿ ಊಟಕ್ಕೂ ಇಲ್ಲದೆ ಕೂತಿದ್ದರು. ಸುಷ್ಮಾ ಸ್ವರಾಜ್ ಅವರು ಕಾನ್ಸುಲೇಟ್‌ನಿಂದ ಅಕ್ಕಿ ಬೇಳೆ ಹಂಚಿಸಿದರು.

ಹಾಗಾಗಿ ನನ್ನ ಸಲಹೆ ಇದು. ರಿಯಾದ್‌ನಲ್ಲೇ ಕೆಲಸ, ಕಂಪನಿ ಸ್ವತಃ ಸಂಬಳ ಕೊಡುತ್ತದೆ, ಅಂಥದ್ದಾದರೆ ಹೋಗಲಿ. ಮೂರನೆಯವರ ಮೂಲಕ "ಸಪ್ಲೈ" ಕೆಲಸ, ಜಾಗ ಆಮೇಲೆ ಹೇಳುತ್ತೇವೆ ಅಂದರೆ ಬೇಡ ಅನ್ನಿ. ಕರಾರು ಅಲ್ಲಿನ ಸರ್ಕಾರದ ಕಿವಾ ಜಾಲದಲ್ಲಿ ದಾಖಲಾಗಬೇಕು. ಇಲ್ಲಿ ತೋರಿಸಿದ ಸಂಬಳವೇ ಅಲ್ಲಿಯೂ ಇದೆಯಾ ಅಂತ ಅವನು ನೋಡಿಕೊಳ್ಳಲಿ. ಇಂಜಿನಿಯರ್ ಅಂತ ಹೋಗುವವರು ಸೌದಿ ಇಂಜಿನಿಯರ್‌ಗಳ ಕೌನ್ಸಿಲ್‌ನಲ್ಲಿ ನೋಂದಾಯಿಸಲೇಬೇಕು. ಅದಕ್ಕೆ ಡಿಗ್ರಿ ಪರಿಶೀಲನೆ ಈಗಲೇ ಮಾಡಿಸಿ. ಪಾಸ್‌ಪೋರ್ಟ್ ಅವನ ಹತ್ತಿರವೇ ಇರಬೇಕು, ಕಂಪನಿ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧ. ಕಫೀಲ್ ಅಂದರೆ ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡ ಧಣಿ. "ಕಫೀಲ್ ಪದ್ಧತಿ ಪೂರ್ತಿ ಹೋಯಿತು" ಅನ್ನುವ ಫಾರ್ವರ್ಡ್ ನಂಬಬೇಡಿ. 2021ರ ಮಾರ್ಚ್‌ನ ಸುಧಾರಣೆಯಿಂದ ಅವನಂಥವರು ಕೆಲವು ಷರತ್ತಿನ ಮೇಲೆ ಕಫೀಲ್ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು, ಊರಿಗೂ ಬರಬಹುದು. ಮನೆಗೆಲಸದವರು, ಮನೆಯ ಡ್ರೈವರ್‌ಗಳಿಗೆ ಆಗ ಆ ಸುಧಾರಣೆ ಸಿಗಲೇ ಇಲ್ಲ.

ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋಗುವ ಯೋಚನೆ ಮುಂದೆ ಬರಬಹುದು. 2017ರಲ್ಲಿ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, 2020ರ ಹೊತ್ತಿಗೆ 400 ಮಾಡಿದರು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ನನ್ನ ಪಕ್ಕದ ಮನೆಯ ಭಟ್ಕಳದವರು ಅದೇ ಕಾರಣಕ್ಕೆ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ಮಕ್ಕಳ ಸೈಕಲ್ ಬಹಳ ದಿನ ಮೆಟ್ಟಿಲ ಕೆಳಗೇ ಇತ್ತು. ಜೊತೆಗೆ 15% ವ್ಯಾಟ್. ಸಂಬಳ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ನಿಮ್ಮ ಅಣ್ಣನಿಗೂ ಒಂದು ಮಾತು ಹೇಳಿ. ಯುವರಾಜರನ್ನು ಹೊಗಳುವುದೋ ಬೈಯುವುದೋ, ಏನೇ ಫಾರ್ವರ್ಡ್ ಬಂದರೂ ಮಗನಿರುವ ಮನೆ ಗುಂಪಿಗೆ ಹಾಕುವುದು ಬೇಡ, ಫೇಸ್‌ಬುಕ್‌ನಲ್ಲಿ ಅವನ ಹೆಸರು ಟ್ಯಾಗ್ ಮಾಡುವುದೂ ಬೇಡ. ವಿಮಾನ ಹತ್ತುವ ಮೊದಲೇ ಹೇಳಿಬಿಡಿ.